ಕುಷ್ಠರೋಗ ಭಾನುವಾರದ ವಿಜ್ಞಾಪನಾ ಪ್ರಾರ್ಥನೆ ಹೇಗೆ ನಡೆಸೋದು? ಸ್ವಲ್ಪ ಹೇಳ್ಕೊಡಿ

ಸಂಡೇಸ್ಕೂಲ್_ಟೀಚರ್

ಎಲ್ಲರಿಗೂ ವಂದನೆಗಳು. ನಮ್ದು ದಾವಣಗೆರೆ ಕಡೆ ಒಂದು ಚಿಕ್ಕ ಸಭೆ. ಜನವರಿ ಕೊನೆ ಭಾನುವಾರ ಕುಷ್ಠರೋಗ ಭಾನುವಾರ ಅಂತ ಆಚರಿಸ್ತೀವಲ್ಲ, ಈ ಸಲ ವಿಜ್ಞಾಪನಾ ಪ್ರಾರ್ಥನೆ (ಬೇರೆಯವರಿಗೋಸ್ಕರ ದೇವರ ಹತ್ರ ಬೇಡೋದು) ನಡೆಸೋ ಜವಾಬ್ದಾರಿ ಸ್ತ್ರೀಯರ ಕೂಟಕ್ಕೆ ಬಂದಿದೆ, ಕೂಟದವರೆಲ್ಲ ಸೇರಿ ನೀನೇ ಮಾಡಮ್ಮ ಅಂತ ನನಗೆ ವಹಿಸಿದಾರೆ.

ಹಿಂದಿನ ವರ್ಷಗಳಲ್ಲಿ ಓದಿದ ಪ್ರಾರ್ಥನೆಗಳ ಹಾಳೆ ಫೈಲಲ್ಲಿ ಇದಾವೆ, ತೆಗೆದು ಓದಿದೆ. ಎಲ್ಲದರಲ್ಲೂ ಒಂದೇ ಧಾಟಿ. ಪಾಪ ಅನ್ನೋ ಕುಷ್ಠದಿಂದ ನಮ್ಮನ್ನ ತೊಳಿ ಅಂತ ಶುರುವಾಗತ್ತೆ, ಪೂರ್ತಿ ನಮ್ಮ ಪಾಪದ ಮೇಲೇ ಹೋಗತ್ತೆ, ಕೊನೆಗೆ ಕಾಯಿಲೆ ಬಂದವರಿಗೆ ಅಂತ ಒಂದೇ ಒಂದು ಸಾಲು, "ಆ ನಿರ್ಭಾಗ್ಯರನ್ನು ಕನಿಕರಿಸು" ಅಂತ. ಊರಾಚೆ ಈ ಕಾಯಿಲೆ ಬಂದವರ ಒಂದು ಕಾಲೊನಿ ಇದೆ, ಅಲ್ಲಿಂದ ಇಬ್ಬರು ಅಜ್ಜಿಯರು ಹಬ್ಬದ ದಿನ ಆರಾಧನೆಗೆ ಬಂದು ಹಿಂದಿನ ಬೆಂಚಲ್ಲಿ ಕೂತ್ಕೋತಾರೆ. ಅವರು ಅಲ್ಲಿ ಕೂತಿರುವಾಗ ನಾನು ಮುಂದೆ ನಿಂತು ಅವರ ಕಾಯಿಲೆನ ಪಾಪಕ್ಕೆ ಹೋಲಿಸಿ ಹೇಗೆ ಓದ್ಲಿ? ನನಗಂತೂ ಬಾಯೇ ಬರಲ್ಲ.

ಕೂಟದಲ್ಲಿ ಇನ್ನೊಂದು ಮಾತೂ ಬಂತು. ಒಬ್ಬರು ಆಂಟಿ ಹೇಳ್ತಾರೆ, ಈ ರೋಗ ದೇಶದಿಂದ ಯಾವತ್ತೋ ಹೋಯ್ತು, ಗವರ್ನಮೆಂಟೇ ಅನೌನ್ಸ್ ಮಾಡಿದೆ, ಈಗ ಕ್ಯಾನ್ಸರ್‌ಗೆ ಶುಗರ್‌ಗೆ ಪ್ರಾರ್ಥನೆ ಮಾಡೋಣ ಇದ್ಯಾಕೆ ಇನ್ನೂ ಅಂತ. ಇದು ನಿಜಾನಾ? ಮತ್ತೆ ಪ್ರಾರ್ಥನೆಯಲ್ಲಿ ಏನೇನು ಕೇಳ್ಕೋಬೇಕು, ಯಾವ ವಾಕ್ಯ ಓದಿದ್ರೆ ಒಳ್ಳೇದು, ಕಾಲೊನಿಗೆ ಹೋಗಿ ಬರೋದು ಸರಿನಾ ಇಲ್ಲ ಅವರಿಗೆ ಮುಜುಗರ ಆಗತ್ತಾ, ಗೊತ್ತಿರೋರು ದಯವಿಟ್ಟು ಬರೀರಿ.

ಹಳ್ಳಿ_ನರ್ಸ್

ಅಕ್ಕಾರ, ನಮಸ್ಕಾರ್ರಿ. ನಾ ಕೊಪ್ಪಳ ಕಡೆ ಪಿಎಚ್‌ಸಿಯೊಳಗ ಕೆಲಸ ಮಾಡ್ತೇನ್ರಿ, ನಮ್ಮನಿ ಮಂದಿ ಸುದ್ದಾ ಚರ್ಚಿಗೆ ಹೋಗೋರ, ಅದಕ್ಕ ನಿಮ್ಮ ಪ್ರಶ್ನೆ ನೋಡಿ ಸುಮ್ನ ಇರಾಕ ಆಗಲಿಲ್ಲ.

ಮೊದಲ ಆ ಆಂಟಿ ಮಾತಿಗೆ ಹೇಳ್ತೇನ್ರಿ. 2005ರ ಡಿಸೆಂಬರ್‌ದಾಗ ಆಗಿದ್ದು ಏನಂದ್ರ ದೇಶದಾಗ 10 ಸಾವಿರ ಮಂದಿಗೆ ಒಬ್ಬರಕಿಂತ ಕಡಿಮಿ ರೋಗಿಗಳು ಅನ್ನೋ ಲೆಕ್ಕಕ್ಕ ಬಂತು ಅಂತ, ರೋಗ ಹೋತು ಅಂತಲ್ಲ. ಈಗೂ ನಮ್ಮ ದೇಶದಾಗ ವರ್ಷಕ್ಕ ಹತ್ತಿರ ಹತ್ತಿರ 1 ಲಕ್ಷ ಹೊಸಾ ಕೇಸ್ ಸಿಗ್ತಾವ್ರಿ, ಇಡೀ ಜಗತ್ತಿನ ಹೊಸಾ ಕೇಸಿನಾಗ ಅರ್ಧಕ್ಕಿಂತ ಹೆಚ್ಚು ನಮ್ಮವ. ಸಣ್ಣ ಹುಡುಗರಾಗೂ ಸಿಗ್ತಾವ. ಹುಡುಗರಿಗೆ ಬರಾಕತ್ತೇತಿ ಅಂದ್ರ ಆ ಓಣಿಯಾಗ ಔಷಧ ತೊಗೊಳ್ಳದವರು ಯಾರೋ ಇನ್ನೂ ಅದಾರ ಅಂತ ಅರ್ಥ.

ಏನು ಕೇಳ್ಕೋಬೇಕು ಅಂದ್ರಲ್ಲ, ನಾವು ದಿನಾ ನೋಡೋದನ್ನ ಹೇಳ್ತೇನಿ, ಅದರಾಗ ನಿಮ್ಮ ಪ್ರಾರ್ಥನಾ ವಿಷಯ ತಾವ ಸಿಗ್ತಾವ.

ಮೈಮ್ಯಾಲೆ ಬಿಳುಪು ಇಲ್ಲಾ ಕೆಂಪು ಮಚ್ಚೆ ಬಂದಿರ್ತೇತಿ, ಮುಟ್ಟಿದ್ರ ಗೊತ್ತಾಗಂಗಿಲ್ಲ, ತುರಿಕಿ ಇಲ್ಲ ನೋವಿಲ್ಲ, ಅದಕ್ಕ ಯಾರೂ ತೋರಸಂಗಿಲ್ಲ. ಗೊತ್ತಾದ ಮ್ಯಾಲೂ ಮುಚ್ಚಿಡ್ತಾರ, ಅದರಾಗೂ ಹೆಣ್ಮಕ್ಕಳು ಗಂಡನ ಮನಿಯವರಿಗೆ ಹೆದರಿ ವರ್ಷಗಟ್ಟಲೆ ಸೆರಗಿನಾಗ ಮುಚ್ಚಿಕೊಂಡಿರ್ತಾರ. ನಿಮಗ ಗೊತ್ತಿರಲಿ, ನಮ್ಮ ಕ್ರೈಸ್ತರ 1869ರ ವಿಚ್ಛೇದನ ಕಾಯ್ದೆ ಸೇರಿ ಐದು ಕಾಯ್ದೆಯೊಳಗ ಕುಷ್ಠರೋಗ ಅನ್ನೋದು ಗಂಡ ಹೆಂಡ್ತಿನ ಬ್ಯಾರೆ ಮಾಡಾಕ ಒಂದು ಕಾರಣ ಆಗಿತ್ತು, ಅದನ್ನ ತಗದದ್ದು 2019ರಾಗ. ಮಾತ್ರಿಯಿಂದ ಪೂರಾ ವಾಸಿ ಆಗೋ ರೋಗಕ್ಕ ಅಲ್ಲೀತನಾ ಆ ಕಾನೂನು ಇತ್ತು ಅಂದ್ರ ಆಕಿ ಯಾಕ ಮುಚ್ಚಿಡಂಗಿಲ್ಲ ಹೇಳ್ರಿ. ಹಿಂತಾ ಹೆಣ್ಮಗಳು ನಿಮ್ಮ ಸಭೆಯೊಳಗೂ ಕುಂತಿರಬಹುದು. ಆಕಿಗೆ ಧೈರ್ಯ ಬರ್ಲಿ ಅಂತ ಕೇಳ್ರಿ, ಆಕಿ ಗಂಡನಿಗೆ ಒಳ್ಳೆ ಮನಸ್ಸು ಬರ್ಲಿ ಅಂತಾನೂ ಕೇಳ್ರಿ.

ಆಮ್ಯಾಲೆ ಮಾತ್ರಿ. ಬ್ಯಾರೆ ಬ್ಯಾರೆ ಔಷಧ ಕೂಡಿಸಿ ಕೊಡೋದು, ಎಂಡಿಟಿ ಅಂತೀವಿ, ಎಲ್ಲಾ ಸರ್ಕಾರಿ ದವಾಖಾನಿಯಾಗ ಪುಕ್ಕಟೆ ಕೊಡ್ತಾರ, ಕಡಿಮಿ ಮಚ್ಚೆ ಇದ್ರ 6 ತಿಂಗಳು ಹೆಚ್ಚು ಇದ್ರ 12 ತಿಂಗಳು. ಇದರಾಗ ತ್ರಾಸ ಎಲ್ಲಿ ಅಂದ್ರ, ತಿಂಗಳಿಗೊಮ್ಮೆ ಕೊಡೋ ರಿಫಾಂಪಿಸಿನ್‌ಗೆ ಮೂತ್ರ ಕೆಂಪಗ ಆಗ್ತೇತಿ, ಕ್ಲೋಫಾಜಿಮಿನ್‌ಗೆ ಮೈ ಕಪ್ಪಾಗ್ತೇತಿ, ಮುಖ ಕಪ್ಪಾದಕೂಡ್ಲೆ ಮಂದಿ ಕೇಳಾಕ ಚಾಲೂ ಮಾಡ್ತಾರ, ಅಂಜಿ ಬಿಟ್ಟುಬಿಡ್ತಾರ್ರಿ. ಔಷಧ ಮುಗಿದ ಮ್ಯಾಲೆ ಬಣ್ಣ ತಿರುಗಿ ಬರ್ತೇತಿ ಅಂತ ಎಷ್ಟು ಹೇಳಿದ್ರೂ ಆ ನಡುವಿನ ತಿಂಗಳು ಭಾಳ ಕಷ್ಟ. ಇನ್ನ ಕೆಲವರಿಗೆ ರಿಯಾಕ್ಷನ್ ಬರ್ತೇತಿ, ಜ್ವರ, ಮೊಣಕೈ ಹತ್ರ ನರ ಬಾತು ಜೀವ ಹೋಗೋವಷ್ಟು ನೋವು. ಆಗ ಓಡಿ ಬಂದ್ರ ಸ್ಟೆರಾಯ್ಡ್ ಕೊಟ್ಟು ಕೈ ಉಳಸ್ತಾರ. ಬರದ ಮನ್ಯಾಗ ಕುಂತ್ರ ಬೆರಳು ಮಡಚಿಕೊಂಡು ಹೋಗ್ತಾವ. ಆ ಹೊತ್ತಿನಾಗ ಯಾರರ ಬಂದು ಮಾತ್ರಿ ಬಿಡು ಬರೇ ನಂಬು ಅಂದ್ರ ಆ ಮನಶಾನ ಕೈ ಹೋತು ಅಂತ ತಿಳೀರಿ. ನಾ ಇದನ್ನ ಕಣ್ಣಾರೆ ನೋಡೇನ್ರಿ, ಅದಕ್ಕ ಇಷ್ಟು ಬರದೆ.

ವಿಶ್ವಾಸಿ_ಬ್ರದರ್

ಕರ್ತನಿಗೆ ಸ್ತೋತ್ರ. ಸಿಸ್ಟರ್ ಹೇಳಿದ್ದನ್ನ ನಾನು ತಳ್ಳಿ ಹಾಕ್ತಿಲ್ಲ, ಮಾತ್ರೆನೂ ದೇವರೇ ಕೊಟ್ಟಿರೋದು. ಆದ್ರೆ ನನಗೆ ಒಂದು ಭಾರ ಇದೆ, ಈಗಿನ ಸಭೆಗಳಲ್ಲಿ ವಾಸಿಗಾಗಿ ಧೈರ್ಯವಾಗಿ ಪ್ರಾರ್ಥಿಸೋದೇ ಕಮ್ಮಿ ಆಗಿದೆ, ಬರೀ ಸಮಾಧಾನ ಕೊಡು, ತಾಳ್ಮೆ ಕೊಡು ಅಂತ ಕೇಳಿ ಮುಗಿಸ್ತೀವಿ. ಯೇಸು ಸ್ವಾಮಿ ಕುಷ್ಠರೋಗಿಗೆ ತಾಳ್ಕೋ ಅನ್ನಲಿಲ್ಲ, ಮುಟ್ಟಿ ವಾಸಿ ಮಾಡಿದ್ರು. ಆ ದೇವರು ಬದಲಾಗಿಲ್ಲ. ಆದ್ದರಿಂದ ವಾಸಿಯಾಗ್ಲಿ ಅಂತ ಬಾಯಿ ತುಂಬ ಕೇಳಿ, ಅದನ್ನ ಬಿಡಬೇಡಿ ಅನ್ನೋದೇ ನನ್ನ ವಿನಂತಿ.

ಕಾಲೊನಿ_ಮಗಳು

ಬ್ರದರ್, ನೀವು ಪ್ರೀತಿಯಿಂದಾನೇ ಹೇಳಿದೀರ, ಅದಕ್ಕೆ ನಾನೂ ಪ್ರೀತಿಯಿಂದಾನೇ ಉತ್ತರ ಬರೀತೀನಿ. ನಾನು ಇಂಥ ಕಾಲೊನಿಯಲ್ಲೇ ಹುಟ್ಟಿ ಬೆಳೆದವಳು, ಅಪ್ಪ ಅಮ್ಮ ಇಬ್ಬರಿಗೂ ಈ ಕಾಯಿಲೆ ಬಂದಿತ್ತು.

ಬಂದಿತ್ತು ಅಂತ ಬರೆದಿದೀನಿ ನೋಡಿ. ನಾನು ಹುಟ್ಟೋಕೆ ಮುಂಚೆನೇ ಅವರಿಬ್ಬರೂ ವಾಸಿಯಾಗಿದ್ರು, ಮೈಯಲ್ಲಿ ಒಂದು ರೋಗಾಣುನೂ ಇರಲಿಲ್ಲ. ಅಪ್ಪನ ಬೆರಳು ಮೊಂಡಾಗಿದ್ವು, ಅಮ್ಮನ ಒಂದು ಕಾಲಲ್ಲಿ ಸ್ಪರ್ಶ ಇರಲಿಲ್ಲ, ಅಷ್ಟೇ, ಅದು ರೋಗ ಬಿಟ್ಟು ಹೋದ ಗುರುತು. ಆದ್ರೂ ಪ್ರತಿ ಜನವರಿ ಯಾವುದಾದ್ರೂ ಗುಂಪು ಬಂದು ನಮ್ಮ ಅಪ್ಪನ ಸುತ್ತ ನಿಂತು ಜೋರಾಗಿ ಈ ರೋಗದಿಂದ ಬಿಡಿಸು ಬಿಡಿಸು ಅಂತ ಪ್ರಾರ್ಥನೆ ಮಾಡೋರು. ವಾಸಿಯಾದ ಮನುಷ್ಯನಿಗೆ ವರ್ಷಾ ವರ್ಷಾ ಬಂದು ನಿನಗೆ ವಾಸಿಯಾಗ್ಲಿ ಅಂದ್ರೆ ಅವರಿಗೆ ಏನು ಕೇಳ್ಸುತ್ತೆ ಯೋಚನೆ ಮಾಡಿ. ನೀನು ಇನ್ನೂ ವಾಸಿಯಾಗಿಲ್ಲ ಅಂತಾನೇ ಕೇಳ್ಸುತ್ತೆ. ಕಾಲೊನಿಗಳಲ್ಲಿ ಇವತ್ತು ಇರೋ ಹಿರಿಯರಲ್ಲಿ ಬಹಳ ಜನ ಹೀಗೇ ಎಂದೋ ವಾಸಿಯಾದವರು. ಅವರಿಗೋಸ್ಕರ ಮೊದಲು ಮಾಡಬೇಕಾದ ಪ್ರಾರ್ಥನೆ ಸ್ತೋತ್ರದ ಪ್ರಾರ್ಥನೆ. ಇವರನ್ನ ವಾಸಿ ಮಾಡಿದ್ದಕ್ಕೆ ಸ್ತೋತ್ರ ಕರ್ತನೇ ಅಂತ ಎಲ್ಲರ ಮುಂದೆ ಹೇಳಿ, ಆಮೇಲೆ ಇಡೀ ಸಭೆಗೆ ಗೊತ್ತಾಗತ್ತೆ ಇವರ ಪಕ್ಕ ಕೂತ್ಕೋಬಹುದು ಅಂತ.

ಇನ್ನು ಏನು ಕೇಳ್ಕೋಬೇಕು ಅಂದ್ರೆ, ಅವರನ್ನೇ ಕೇಳಿ. ನಮ್ಮ ಕಾಲೊನಿಯಲ್ಲೂ ಒಂದು ಪ್ರಾರ್ಥನಾ ಕೂಟ ಇತ್ತು, ಬುಧವಾರ ಸಂಜೆ, ಅಲ್ಲಿ ಕುಷ್ಠ ಅನ್ನೋ ಮಾತು ಬರ್ತಾನೇ ಇರಲಿಲ್ಲ. ಯಾರದೋ ಮಗನಿಗೆ ಕೆಲಸ ಸಿಗ್ಲಿ, ಮಗಳು ಎಸ್ಸೆಸ್ಸೆಲ್ಸಿ ಪಾಸಾಗ್ಲಿ, ಪಿಂಚಣಿ ಮೂರು ತಿಂಗಳಿಂದ ಬಂದಿಲ್ಲ ಬರ್ಲಿ, ಬೋರ್‌ವೆಲ್ಲಲ್ಲಿ ನೀರು ನಿಲ್ಲದೆ ಇರ್ಲಿ. ಮನೆ ಜಾಗದ ಹಕ್ಕುಪತ್ರ ಅಂತೂ ವರ್ಷಗಟ್ಟಲೆ ಪ್ರಾರ್ಥನಾ ವಿಷಯ. ನಮ್ಮ ಥರ ಮಕ್ಕಳಿಗೆ ಕಾಯಿಲೆ ಯಾವತ್ತೂ ಬಂದಿಲ್ಲ, ಆದ್ರೆ ಅಡ್ರೆಸ್ ಬಂತು. ಸಂಬಂಧ ಕೇಳಿಕೊಂಡು ಬಂದವರು ಅಡ್ರೆಸ್ ಕೇಳಿದ ಮೇಲೆ ತಿರುಗಿ ಬರ್ತಾ ಇರಲಿಲ್ಲ, ಅವರಲ್ಲಿ ಭಾನುವಾರ ತಪ್ಪದೆ ಚರ್ಚಿಗೆ ಹೋಗೋ ಮನೆಯವರೂ ಇದ್ರು. ನಿಮ್ಮ ಪ್ರಾರ್ಥನೆಯಲ್ಲಿ ಆ ಮಕ್ಕಳನ್ನ ನೆನಪಿಟ್ಕೊಳ್ಳಿ ಟೀಚರ್.

ಮತ್ತೆ ಒಂದು ಮಾತು. ನಮ್ಮಪ್ಪ ಬಂದವರಿಗೋಸ್ಕರ ತಾನೂ ಪ್ರಾರ್ಥನೆ ಮಾಡ್ತೀನಿ ಅಂತಿದ್ರು, ಬಂದವರಿಗೆ ಆಶ್ಚರ್ಯ ಆಗ್ತಿತ್ತು, ಕೆಲವರು ಟೈಮಿಲ್ಲ ಅಂತ ಹೊರಟೇ ಬಿಡೋರು. ಆ ಅಜ್ಜಿಯರು ಪ್ರಾರ್ಥನೆ ಮಾಡೋರೇ ಆಗಿದ್ರೆ ಅವರ ಹತ್ರ ನಿಮ್ಮ ಮಕ್ಕಳಿಗೋಸ್ಕರ ಪ್ರಾರ್ಥನೆ ಮಾಡಿ ಅಂತ ಕೇಳಿ. ಕಾಲೊನಿಗೆ ಹೋಗೋದಾದ್ರೆ ಅವರು ಕೊಟ್ಟ ಟೀ ಕುಡೀರಿ. ಫೋಟೋ ಬೇಡ. ಬ್ರೆಡ್ಡು ಬಿಸ್ಕೆಟ್ ಹಂಚಿ ಗ್ರೂಪ್ ಫೋಟೋ ತೆಗೆದು ನೀರು ಕೂಡ ಮುಟ್ಟದೆ ವ್ಯಾನ್ ಹತ್ತೋರನ್ನ ನೋಡಿ ನೋಡಿ ನಮಗೆ ಸಾಕಾಗಿದೆ.

ವಿಶ್ವಾಸಿ_ಬ್ರದರ್

ತಂಗಿ, ನಿಮ್ಮ ತಂದೆಯವರಿಗೋಸ್ಕರ ದೇವರಿಗೆ ಸ್ತೋತ್ರ. ವಾಸಿಯಾದವರಿಗೆ ಸ್ತೋತ್ರದ ಪ್ರಾರ್ಥನೆ ಅನ್ನೋದು ಮನಸ್ಸಿಗೆ ನಾಟ್ತು. ಹೊಸದಾಗಿ ರೋಗ ಬಂದವರಿಗೆ ವಾಸಿಗಾಗಿ ಕೇಳೋಣ, ಮಾತ್ರೆ ಪೂರ್ತಿ ಮುಗಿಸೋಕೆ ಬಲ ಕೊಡು ಅಂತಾನೂ ಸೇರಿಸಿ ಕೇಳೋಣ.

ಕರಾವಳಿ_ಓದುಗ

ನಾನು ಮಂಗಳೂರಿನವ, ಕಥೊಲಿಕ. ನಮ್ಮಲ್ಲಿ ಆ ದಿನ ಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಗೆ ಒಂದು ಬಿನ್ನಹ ಸೇರಿಸುತ್ತಾರೆ. ಟೀಚರ್, ನಿಮಗೆ ಬೇಕಾದರೆ ಹಿಂದಿನವರ ಒಂದೆರಡು ಸಂಗತಿ ಹೇಳುತ್ತೇನೆ, ಪ್ರಾರ್ಥನೆಗೆ ಮುಂಚೆ ಪೀಠಿಕೆ ಹಾಗೆ ಹೇಳ್ಲಿಕ್ಕೆ ಆದೀತು.

ನಮ್ಮ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ಸ್ ಆಸ್ಪತ್ರೆ ಉಂಟಲ್ಲ, ಅದು ಶುರುವಾದದ್ದು ಜರ್ಮನಿಯ ಜೆಸ್ವಿತ್ ಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡ್ಲಿಕ್ಕೆ ಆರಂಭಿಸಿದ್ದರಿಂದ. 1890ರಲ್ಲಿ ಕುಷ್ಠರೋಗಿಗಳಿಗೆ ಅಂತಲೇ ಆಶ್ರಮ ಮಾಡಿದರು. ಆ ಕಾಲಕ್ಕೆ ಈ ರೋಗಕ್ಕೆ ಸರಿಯಾದ ಮದ್ದೇ ಇರಲಿಲ್ಲ ಮಾರಾಯ್ರೆ. ಗುಣ ಮಾಡ್ಲಿಕ್ಕೆ ಆಗುವುದಿಲ್ಲ ಅಂತ ಗೊತ್ತಿದ್ದೂ ಹುಣ್ಣು ತೊಳೆದು, ಊಟ ಹಾಕಿ, ಜೊತೆಗೆ ಪ್ರಾರ್ಥನೆ ಮಾಡಿ ಇಟ್ಟುಕೊಂಡರು.

ನಿಮ್ಮ ಪ್ರೊಟೆಸ್ಟೆಂಟ್ ಕಡೆಯಲ್ಲಿ ವೆಲ್ಲೆಸ್ಲಿ ಬೈಲಿ ಅಂತ ಐರಿಷ್ ಮನುಷ್ಯ, 1869ರಲ್ಲಿ ಅಂಬಾಲದಲ್ಲಿ ಮೊದಲ ಸಲ ಈ ರೋಗಿಗಳ ಗುಡಿಸಲುಗಳನ್ನು ನೋಡಿದವರು. 1874ರಲ್ಲಿ ಊರಿಗೆ ಹೋದಾಗ ಡಬ್ಲಿನ್ ಹತ್ತಿರ ಪಿಮ್ ಅನ್ನುವ ಮನೆಯ ಅಕ್ಕತಂಗಿಯರ ಎದುರು ಇದನ್ನೆಲ್ಲ ಹೇಳಿದರು. ಅವರು ವರ್ಷಕ್ಕೆ 30 ಪೌಂಡ್ ಸೇರಿಸಿ ಕೊಡುತ್ತೇವೆ ಅಂತ ಮಾತು ಕೊಟ್ಟರು. ಈಗಿನ ಲೆಪ್ರಸಿ ಮಿಷನ್ ಹುಟ್ಟಿದ್ದು ಅಲ್ಲಿಂದ. ನಿಮ್ಮ ಸ್ತ್ರೀಯರ ಕೂಟದಲ್ಲಿ ಇದನ್ನು ಖಂಡಿತ ಹೇಳಿ.

ನನಗೆ ಎಲ್ಲರಿಗಿಂತ ಹೆಚ್ಚು ಕಾಡುವವರು ಮೇರಿ ರೀಡ್. ಅಮೆರಿಕದಿಂದ 1884ರಲ್ಲಿ ಕಾನ್ಪುರಕ್ಕೆ ಬಂದ ಮಿಷನರಿ, ಕಾಯಿಲೆಯಾಗಿ ಊರಿಗೆ ಹೋದಾಗ ಅದು ಕುಷ್ಠ ಅಂತ ತಿಳಿಯಿತು. ಅಲ್ಲೇ ಉಳಿಯದೆ 1891ರಲ್ಲಿ ತಿರುಗಿ ಬಂದು ಪಿಥೋರಗಢದ ಹತ್ತಿರ ಚಂಡಾಗ್ ಗುಡ್ಡದ ಮೇಲೆ ರೋಗಿಗಳ ಜೊತೆಗೇ ಇದ್ದು, ಎಷ್ಟೋ ವರ್ಷ ಅಲ್ಲಿನ ಉಸ್ತುವಾರಿ ನೋಡಿದರು, 1943ರಲ್ಲಿ ತೀರಿಕೊಂಡರು. ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ಕುಷ್ಠರೋಗಿಗಳ ಜೊತೆ ಇದ್ದ ಗುರು ಸಂತ ಡೇಮಿಯನ್ ಬಗ್ಗೆ ಎಲ್ಲರಿಗೂ ಗೊತ್ತು, 1889ರಲ್ಲಿ ಅದೇ ರೋಗದಿಂದ ತೀರಿಕೊಂಡವರು, 2009ರಲ್ಲಿ ಸಂತ ಪದವಿ ಸಿಕ್ಕಿತು. ಪೂಜೆ ಮಾಡಿಸುವುದರ ಜೊತೆಗೆ ಅವರು ಅಲ್ಲಿ ಮನೆ ಕಟ್ಟಿದ್ದಾರೆ, ನೀರಿನ ಪೈಪು ಹಾಕಿಸಿದ್ದಾರೆ, ಸತ್ತವರಿಗೆ ಪೆಟ್ಟಿಗೆಯನ್ನೂ ತಾವೇ ಮಾಡಿದ್ದಾರೆ. ಮೇರಿ ರೀಡ್ ಹೆಸರು ಮಾತ್ರ ನಮ್ಮಲ್ಲಿ ಯಾರೂ ಹೇಳುವುದಿಲ್ಲ, ಅದು ನನಗೆ ಬೇಸರ. ರೋಗ ಬಂದವರೇ ಸೇವೆಯನ್ನೂ ಮಾಡಿದ್ದಾರೆ ಅಂತ ನಿಮ್ಮ ಸಂಡೇ ಸ್ಕೂಲ್ ಮಕ್ಕಳಿಗೆ ತಿಳಿಯಬೇಕು.

ಸಭಾ_ಸೇವಕ_ಬೆಂಗಳೂರು

ವಾಕ್ಯದ ಬಗ್ಗೆ ಯಾರೂ ಹೇಳಿಲ್ಲ ಅಂತ ನಾನು ಬರೀತಿದೀನಿ. ಯಾಜಕಕಾಂಡ 13 ಆ ದಿನ ಓದಬೇಡಿ ಟೀಚರ್, ಬಿಡಿಸಿ ಹೇಳೋಕೆ ಟೈಮ್ ಇರಲ್ಲ, ಕುಷ್ಠರೋಗಿ ಪಾಳೆಯದ ಹೊರಗೆ ವಾಸಮಾಡಬೇಕು ಅನ್ನೋದಷ್ಟೇ ಜನರ ಕಿವಿಯಲ್ಲಿ ಉಳಿಯತ್ತೆ. ಮಾರ್ಕ 1ನೇ ಅಧ್ಯಾಯದ 40ರಿಂದ 45 ಓದಿ. ಅಲ್ಲಿ ಎರಡು ವಿಷಯ ಗಮನಿಸಿ. ಸ್ವಾಮಿ ಕುಷ್ಠ ಇದ್ದ ಆ ಮನುಷ್ಯನನ್ನ ಮುಟ್ಟೋದು ಅವನು ಶುದ್ಧನಾದ ಮೇಲೆ ಅಲ್ಲ, ಮುಂಚೆ. ಇನ್ನೊಂದು, ಕಥೆ ಮುಗಿಯೋ ಹೊತ್ತಿಗೆ ಆ ಮನುಷ್ಯ ಜನರ ನಡುವೆ ತಿರುಗಾಡ್ತಿದಾನೆ, ಊರೊಳಗೆ ಬರೋಕೆ ಆಗದೆ ಹೊರಗೆ ನಿರ್ಜನ ಜಾಗದಲ್ಲಿ ಉಳಿದಿರೋದು ಯೇಸು. ಅವನ ಜಾಗಕ್ಕೆ ಇವರು ಹೋದ್ರು. 45ನೇ ವಚನ ಬಿಟ್ಟು ಓದೋ ಅಭ್ಯಾಸ ಇದೆ, ದಯವಿಟ್ಟು ಅದನ್ನೂ ಓದಿ. ಎರಡನೇದು ಬೇಕಾದ್ರೆ ಮಾರ್ಕ 14:3, ಬೇಥಾನ್ಯದಲ್ಲಿ ಸೀಮೋನನ ಮನೆ. ಅವನನ್ನ ಕುಷ್ಠರೋಗಿ ಸೀಮೋನ ಅಂತಾನೇ ಕರೀತಿದ್ರು, ಶಿಲುಬೆಗೆ ಹೋಗೋ ವಾರದಲ್ಲಿ ಸ್ವಾಮಿ ಊಟಕ್ಕೆ ಕೂತದ್ದು ಅವನ ಮನೇಲಿ. ಮೇಲೆ ತಂಗಿ ಟೀ ಕುಡೀರಿ ಅಂದಿದ್ದು ಇದಕ್ಕೇ ಸೇರತ್ತೆ.

ಪಾಪವನ್ನ ಕುಷ್ಠಕ್ಕೆ ಹೋಲಿಸೋದನ್ನ ಪೂರ್ತಿ ಬಿಟ್ಟುಬಿಡಿ. ಪಾಪನಿವೇದನೆ ಆರಾಧನೆ ಶುರುವಲ್ಲೇ ಆಗಿರತ್ತೆ, ಇಲ್ಲಿ ಮತ್ತೆ ಬೇಡ, ಹಿರಿಯರು ಕೇಳಿದ್ರೆ ಹಾಗೇ ಹೇಳಿ.

ಇಲ್ಲಿ ಎಲ್ಲರೂ ಹೇಳಿದ್ದನ್ನ ಇಟ್ಕೊಂಡು ಒಂದು ಕರಡು ಬರೆದಿದೀನಿ. ನಿಮ್ಮ ಸಭೆಗೆ ತಕ್ಕಂತೆ ತಿದ್ದಿಕೊಳ್ಳಿ.

"ಕೃಪೆಯುಳ್ಳ ತಂದೆಯೇ, ನಮ್ಮ ನಡುವೆಯೂ ನಮ್ಮ ಊರಿನ ಕಾಲೊನಿಯಲ್ಲಿಯೂ ಕುಷ್ಠರೋಗದಿಂದ ವಾಸಿಯಾದ ನಮ್ಮ ತಾಯಂದಿರಿಗಾಗಿ ತಂದೆಯರಿಗಾಗಿ ನಿನಗೆ ಸ್ತೋತ್ರ. ಅವರನ್ನು ಸ್ವಸ್ಥಮಾಡಿದವನು ನೀನೇ.

ಮೈಮೇಲಿನ ಮಚ್ಚೆಯನ್ನು ಹೆದರಿ ಮುಚ್ಚಿಟ್ಟಿರುವವರಿಗಾಗಿ ಬೇಡುತ್ತೇವೆ. ಅವರ ಭಯವನ್ನು ತೆಗೆದುಹಾಕು, ಬೇಗನೆ ಆಸ್ಪತ್ರೆಗೆ ನಡೆಸು, ಅವರ ಮಾತನ್ನು ಕೇಳಿ ಕೈಬಿಡದಂಥ ಮನೆಯವರನ್ನು ಕೊಡು.

ಇಂದು ಬೆಳಿಗ್ಗೆ ಮಾತ್ರೆ ನುಂಗಿದವರಿಗಾಗಿ ಬೇಡುತ್ತೇವೆ. ಮೈಬಣ್ಣ ಬದಲಾದಾಗ ಧೈರ್ಯಗೆಡದಂತೆ, ನರದ ನೋವಿನ ರಾತ್ರಿಗಳಲ್ಲಿ ಒಂಟಿಯಾಗದಂತೆ ಅವರನ್ನು ಕಾಯಿ. ಕೊನೆಯ ಮಾತ್ರೆಯ ತನಕ ಅವರೊಂದಿಗೆ ನಡೆ.

ಸ್ಪರ್ಶವಿಲ್ಲದ ಕೈಕಾಲುಗಳನ್ನು ಬಿಸಿಯಿಂದಲೂ ಮುಳ್ಳಿನಿಂದಲೂ ಕಾಪಾಡು. ರೆಪ್ಪೆ ಮುಚ್ಚಲಾರದ ಕಣ್ಣುಗಳನ್ನು ಕಾಪಾಡು. ಹುಣ್ಣು ಕಟ್ಟುವ ನರ್ಸುಗಳನ್ನು, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರನ್ನು, ಮಡಚಿದ ಬೆರಳನ್ನು ಬಿಡಿಸುವ ವೈದ್ಯರನ್ನು ಬಲಪಡಿಸು.

ಕಾಲೊನಿಯ ಮಕ್ಕಳಿಗೆ ಓದನ್ನೂ ಕೆಲಸವನ್ನೂ ಅವರನ್ನು ಗೌರವಿಸುವ ಮನೆತನದ ಸಂಬಂಧವನ್ನೂ ಅನುಗ್ರಹಿಸು. ಅವರ ಹಿರಿಯರು ಬಾಳಿದ ನೆಲದ ಮೇಲೆ ಅವರಿಗೆ ಹಕ್ಕು ದೊರಕಲಿ.

ನಿನ್ನ ಸಭೆಯಾದ ನಾವು ಅವರನ್ನು ದೂರ ಕೂರಿಸಿದ್ದರೆ ಕ್ಷಮಿಸು. ಅವರ ಪಕ್ಕದಲ್ಲಿ ಕೂರಲು, ಅವರ ಮನೆಯಲ್ಲಿ ಉಣ್ಣಲು, ನಮಗಾಗಿ ಅವರು ಮಾಡುವ ಪ್ರಾರ್ಥನೆಯನ್ನು ಪಡೆದುಕೊಳ್ಳಲು ನಮಗೆ ಮನಸ್ಸು ಕೊಡು. ಕೈಚಾಚಿ ಮುಟ್ಟಿದ ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್."

ಪ್ರತಿ ಭಾಗ ಆದಮೇಲೆ ಸ್ವಲ್ಪ ನಿಲ್ಲಿಸಿ, ಸಭೆಯವರು "ಕರ್ತನೇ, ನಮ್ಮ ಪ್ರಾರ್ಥನೆಯನ್ನು ಲಾಲಿಸು" ಅಂತ ಹೇಳಲಿ. ಓಡಿಸಿಕೊಂಡು ಓದಬೇಡಿ.

ಕಾಲೊನಿ_ಮಗಳು

ಅಯ್ಯನವರೇ, ಕಾಲೊನಿ ಮಕ್ಕಳ ಸಾಲು ಓದಿ ಕಣ್ಣು ತುಂಬಿತು. ಒಂದೇ ಒಂದು ತಿದ್ದುಪಡಿ, "ನಮ್ಮ ನಡುವೆ ವಾಸಿಯಾದವರು" ಅನ್ನುವಾಗ ಯಾರನ್ನೂ ಎದ್ದು ನಿಲ್ಲಿ ಅಂತ ಕರೀಬೇಡಿ, ಎಲ್ಲರೂ ತಿರುಗಿ ನೋಡೋ ಹಾಗೆ ಮಾಡಬೇಡಿ. ಮೊದಲೇ ಹೋಗಿ ಅವರನ್ನ ಕೇಳಿಕೊಂಡು ಬನ್ನಿ.

ಸಂಡೇಸ್ಕೂಲ್_ಟೀಚರ್

ನೀವೆಲ್ಲ ಇಷ್ಟು ಸಮಯ ಕೊಟ್ಟು ಬರೆದಿದ್ದಕ್ಕೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗ್ತಿಲ್ಲ. ಕರಡನ್ನ ನಮ್ಮ ಅಯ್ಯನವರಿಗೆ ತೋರಿಸಿದೆ, ಒಪ್ಪಿದ್ರು, 45ನೇ ವಚನದ ಮೇಲೇ ಪ್ರಸಂಗ ಮಾಡ್ತೀನಿ ಅಂದ್ರು. ನಿನ್ನೆ ಸಂಜೆ ನಾನು ಮತ್ತೆ ಆ ಆಂಟಿ (ಅವರೇ ಬರ್ತೀನಿ ಅಂದ್ರು, 1 ಲಕ್ಷ ಹೊಸ ಕೇಸ್ ಅಂತ ಓದಿ ಹೇಳಿದ ಮೇಲೆ) ಅಜ್ಜಿಯರ ಮನೆಗೆ ಹೋಗಿದ್ವಿ. ಟೀ ಕುಡಿದ್ವಿ. ಒಬ್ಬ ಅಜ್ಜಿಗೆ ಕೀರ್ತನೆಗಳು ಬಾಯಿಪಾಠ, 121ನೇದು ನಾನೇ ಹೇಳ್ತೀನಿ ಆ ದಿನ ಅಂತ ಅವರೇ ಕೇಳಿದ್ರು, ಅದಕ್ಕೆ ಮೊದಲ ಪಾಠದ ಜಾಗ ಅವರಿಗೇ ಬಿಟ್ಟಿದೀವಿ. ಇನ್ನೊಬ್ಬ ಅಜ್ಜಿ ನನಗೆ ಮಂಡಿನೋವು, ಅದಕ್ಕೆ ಪ್ರಾರ್ಥನೆ ಮಾಡಮ್ಮ ಅಂದ್ರು.

ಆ ದಿನದ ಕಾಣಿಕೆಯಿಂದ ಕಾಲೊನಿಯವರಿಗೆ ಚಪ್ಪಲಿ ಕೊಡಿಸೋಣ ಅಂತ ಕೂಟದವರು ಹೇಳ್ತಿದಾರೆ, ನರ್ಸ್ ಅಕ್ಕ, ಅಂಗಡಿಯಲ್ಲಿ ಸಿಗೋದು ಆಗತ್ತಾ?

ಹಳ್ಳಿ_ನರ್ಸ್

ಅಂಗಡಿ ಚಪ್ಪಲಿ ಬ್ಯಾಡ್ರಿ ಟೀಚರ್. ಅಂಗಾಲಿನಾಗ ಸ್ಪರ್ಶ ಇಲ್ಲದವರಿಗೆ ಗಟ್ಟಿ ಅಟ್ಟೆ ಒತ್ತಿ ಹುಣ್ಣಾಗ್ತೇತಿ, ಮೊಳೆ ಹೊಡದದ್ದಂತೂ ಬ್ಯಾಡೇ ಬ್ಯಾಡ. ಅವರಿಗೆ ಎಂಸಿಆರ್ ಅಂತ ಮೆತ್ತನ ರಬ್ಬರಿನ ಚಪ್ಪಲಿ ಇರ್ತಾವ, ಜಿಲ್ಲಾ ಕುಷ್ಠರೋಗ ಆಫೀಸಿನವರು ಪಿಎಚ್‌ಸಿ ಮೂಲಕ ಪುಕ್ಕಟೆ ಕೊಡ್ತಾರ, ಕಾಲಿನ ಅಳತಿ ತೊಗೊಂಡು ಕೊಡಬೇಕು. ಯಾರ್ಯಾರಿಗೆ ಮುಟ್ಟಿಲ್ಲ, ಯಾರದು ಸವದೇತಿ ಅಂತ ಪಟ್ಟಿ ಮಾಡಿ ನಿಮ್ಮ ಆಶಾ ಕಾರ್ಯಕರ್ತೆ ಕೈಯಾಗ ಕೊಡ್ರಿ, ಬರಲಿಲ್ಲ ಅಂದ್ರ ತಿರುಗಿ ಹೋಗಿ ಕೇಳ್ರಿ. ಕಾಣಿಕಿ ರೊಕ್ಕದಾಗ ಏನರ ಕೊಡಬೇಕಂದ್ರ ಕಾಲು ನೆನೆ ಹಾಕಾಕ ಅಗಲ ಪ್ಲಾಸ್ಟಿಕ್ ಟಬ್ಬು, ಮೆತ್ತನ ಟವೆಲ್ಲು, ಕೊಬ್ಬರಿ ಎಣ್ಣಿ, ಅಂಗಾಲು ನೋಡ್ಕೊಳ್ಳಾಕ ಒಂದು ಕೈಗನ್ನಡಿ ಕೊಡ್ರಿ, ಇವು ದಿನಾ ಬೇಕಾಗ್ತಾವ. ಆ ಅಜ್ಜಿ ಮಂಡಿನೋವಿಗೂ ಪ್ರಾರ್ಥನಾ ಮಾಡ್ರಿ, ಪಿಎಚ್‌ಸಿಗೂ ಒಮ್ಮೆ ಕರಕೊಂಡು ಹೋಗ್ರಿ.